ಹಾರಂಗಿ ಹಿನ್ನೀರಿನ ಪಾರ್ಕ್: ನೀರಿಲ್ಲದ ದಡದಿಂದ ಶುರು ಮಾಡಿದ್ದು

ಜಲಾಶಯದ ಪಕ್ಕ ಪಾರ್ಕ್ ಅಂದರೆ ಎಲ್ಲರ ಕಣ್ಣಿಗೂ ಬರುವುದು ತುಂಬಿದ ನೀರು. ಹಾರಂಗಿ ಹಿನ್ನೀರಿನ ದಂಡೆಯಲ್ಲಿ ಒಂದು ಸಣ್ಣ ಪಾರ್ಕ್ ಮಾಡುವ ಕೆಲಸ ಬಂದಾಗ, ಕೆಲಸ ಕೊಟ್ಟವರು ಕಳಿಸಿದ ಫೋಟೋಗಳೆಲ್ಲ ಆಗಸ್ಟ್ ತಿಂಗಳವು. ನಾನು ಜಾಗ ನೋಡಲು ಬೇಕಂತಲೇ ಏಪ್ರಿಲ್‌ನಲ್ಲಿ ಹೋದೆ. ನೀರು ಎಲ್ಲೋ ದೂರದಲ್ಲಿ ಒಂದು ಗೆರೆಯಷ್ಟು ಇತ್ತು. ಮಿಕ್ಕಿದ್ದೆಲ್ಲ ಬಿರುಕು ಬಿಟ್ಟ ಕೆಸರು, ಮುಳುಗಿ ಸತ್ತ ಮರಗಳ ಬುಡ. ಕೊಡಗಿನಲ್ಲಿ ಮರುಭೂಮಿ ಇದೆಯಾ ಅಂತ ಯಾರಾದರೂ ಕೇಳಿದರೆ ಇದನ್ನೇ ತೋರಿಸಬಹುದು.

ಕೊಡಗು ಅಂದರೆ ಎಲ್ಲ ಕಡೆ ಒಂದೇ ಮಳೆ ಅಂದುಕೊಳ್ಳುವವರೇ ಜಾಸ್ತಿ. ಮಡಿಕೇರಿಯಲ್ಲಿ ಸುರಿಯುವ ಮಳೆಯ ಅರ್ಧವೂ ಹಾರಂಗಿ ಇರುವ ಕುಶಾಲನಗರದ ಕಡೆ ಬೀಳುವುದಿಲ್ಲ. ಹಾರಂಗಿ ತುಂಬುವುದು ಮೇಲಿನ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆಯ ಮಳೆಯಿಂದ. ಪೂರ್ತಿ ತುಂಬಿದರೆ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ, ನೀರು 8.5 ಟಿಎಂಸಿ. ಮುಂಗಾರು ಜೋರಾದರೆ ಜುಲೈನಲ್ಲೇ ತುಂಬುತ್ತದೆ. ಆಮೇಲೆ ನಾಲೆಗೆ ಬಿಡುತ್ತಾ ಬಿಡುತ್ತಾ ಬೇಸಿಗೆಗೆ ತಳ ಕಾಣುತ್ತದೆ. ಡ್ಯಾಂ ಕಟ್ಟಿದ್ದೇ ಗದ್ದೆಗಳಿಗಾಗಿ. ಪಾರ್ಕ್ ಚೆಂದ ಕಾಣಲಿ ಅಂತ ಯಾರೂ ನೀರು ಉಳಿಸುವುದಿಲ್ಲ, ಉಳಿಸಲೂಬಾರದು.

ಹಾಗಾಗಿ ನಕ್ಷೆ ಬರೆಯುವ ಮೊದಲು ನೀರಿನ ಲೆಕ್ಕ ಹಿಡಿದೆ. ಇಲ್ಲಿನ ಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ಜಲಾಶಯದ ಮಟ್ಟ ದಿನಾ ಬರುತ್ತದೆ ಅಲ್ವಾ, ಆ ಹಳೇ ಪೇಪರ್‌ಗಳನ್ನು ಹುಡುಕಿ ಮಟ್ಟಗಳನ್ನು ಬರೆದುಕೊಂಡೆ. ಆಮೇಲೆ ಆಟೋ ಲೆವೆಲ್ (ನೆಲದ ಏರುತಗ್ಗು ಅಳೆಯುವ ಸರ್ವೆ ಉಪಕರಣ) ಇಟ್ಟು ದಡದಲ್ಲಿ ಗೂಟ ಹೊಡೆಸಿದೆ. ಕೆಂಪು ಗೂಟ ತುಂಬಿದ ಮಟ್ಟಕ್ಕೆ, ಬಿಳಿ ಗೂಟ ಜನವರಿ ಹೊತ್ತಿನ ಮಟ್ಟಕ್ಕೆ. ಕೆಂಪು ಗೂಟದ ಕೆಳಗೆ ಒಂದು ಒಳ್ಳೆಯ ಸಮತಟ್ಟು ಜಾಗವಿತ್ತು. ಮಕ್ಕಳ ಆಟಕ್ಕೆ ಅದೇ ಸರಿ ಅಂತ ಕೆಲಸ ಕೊಟ್ಟವರ ಆಸೆ. ತೆಪ್ಪದಲ್ಲಿ ಬಲೆ ಹಾಕುತ್ತಿದ್ದ ಒಬ್ಬರು ನಮ್ಮ ಮಾತು ಕೇಳಿಸಿಕೊಂಡು ನಕ್ಕರು. "ಅಲ್ಲಿ ಬೇಡಿ ಅಣ್ಣಾ, ಜುಲೈ ಕೊನೆಗೆ ಅಲ್ಲಿ ಎರಡಾಳು ನೀರು." ನನ್ನ ಗೂಟಗಳೂ ಅದನ್ನೇ ಹೇಳುತ್ತಿದ್ದವು, ಆದರೆ ಅವರು ಹೇಳಿದ ಮೇಲೆ ವಾದ ನಿಂತಿತು.

ಅದೇ ಮನುಷ್ಯ ಒಂದು ಬಿದಿರು ಕೋಲು ತಂದು ಒಣಗಿದ ಕೆಸರಿಗೆ ಚುಚ್ಚಿ ತೋರಿಸಿದರು. ಮೇಲೆ ಹೆಂಚಿನಷ್ಟು ಗಟ್ಟಿ. ಒಂದು ಗೇಣು ದಾಟಿದ್ದೇ ತಡ, ಕೋಲು ಸರ್‍ರನೆ ಇಳಿಯಿತು. ಎಳೆದಾಗ ಕಪ್ಪು ಹೂಳು ಅಂಟಿಕೊಂಡು ಬಂತು. 2018ರ ಆಗಸ್ಟ್‌ನಲ್ಲಿ ಮೇಲಿನ ಗುಡ್ಡಗಳು ಜರಿದಾಗ ಬಂದ ಮಣ್ಣೂ ಇದೇ ಜಲಾಶಯಕ್ಕೆ ಸೇರಿದೆ. ಈಜುವವರಿಗೆ ಈ ದಡ ಎಷ್ಟು ಅಪಾಯ ಅಂತ ಬೇರೆ ಹೇಳಬೇಕಾಗಿಲ್ಲ. ಈಜಲು ಅವಕಾಶ ಇರಬಾರದು ಅಂತ ಅವತ್ತೇ ಬರೆದುಕೊಟ್ಟೆ.

ಆ ಸಮಯದಲ್ಲಿ ಅಮೆರಿಕದ ಮರುಭೂಮಿಯ ಜಲಾಶಯಗಳ ಬಗ್ಗೆ ಒಂದಿಷ್ಟು ಓದಿದೆ. ನೆವಾಡಾ-ಅರಿಝೋನಾ ಗಡಿಯ ಲೇಕ್ ಮೀಡ್‌ನಲ್ಲಿ ದೋಣಿ ಇಳಿಸಲು ಕಟ್ಟಿದ ಕಾಂಕ್ರೀಟ್ ಇಳಿಜಾರುಗಳನ್ನು, ನೀರು ಹಿಂದೆ ಸರಿದಂತೆಲ್ಲ ಉದ್ದ ಮಾಡುತ್ತಾ ಹೋಗಬೇಕಾಯಿತು. 2022ರ ಜುಲೈನಲ್ಲಿ ಮಟ್ಟ ಸುಮಾರು 1,040 ಅಡಿಗೆ ಇಳಿದಾಗ ಹೆಚ್ಚಿನವು ಮುಚ್ಚಿದ್ದವು. ಅಲ್ಲಿ ನೀರು ಇಳಿಯಲು ಇಪ್ಪತ್ತು ವರ್ಷ ಹಿಡಿಯಿತು, ನಮ್ಮಲ್ಲಿ ಆರು ತಿಂಗಳು ಸಾಕು. ಆದ್ದರಿಂದ ನಮ್ಮ ಪಾರ್ಕಿನಲ್ಲಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಇಳಿಸಲು ಕಾಂಕ್ರೀಟ್ ಬೇಡವೇ ಬೇಡ ಅಂದೆ. ಪ್ಲಾಸ್ಟಿಕ್ ಡಬ್ಬಿಗಳನ್ನು ಜೋಡಿಸಿದ ತೇಲುವ ಜೆಟ್ಟಿ (ದೋಣಿ ಹತ್ತಿ ಇಳಿಯುವ ಕಟ್ಟೆ) ಹಾಕಿ, ದಡದ ಬಂಡೆಗೆ ಸರಪಳಿ ಕಟ್ಟಿದೆವು. ನೀರು ಇಳಿದಂತೆ ಸರಪಳಿ ಸಡಿಲ ಬಿಡುವುದು, ಏರಿದಂತೆ ಎಳೆಯುವುದು. ಫೆಬ್ರವರಿ ಹೊತ್ತಿಗೆ ಜೆಟ್ಟಿ ಎತ್ತಿ ಮೇಲಿಡುತ್ತಾರೆ.

ಟಾಯ್ಲೆಟ್, ಪಾರ್ಕಿಂಗ್, ಟಿಕೆಟ್ ಕೌಂಟರ್ ಎಲ್ಲ ಕೆಂಪು ಗೂಟಕ್ಕಿಂತ ತುಂಬಾ ಮೇಲೆ. ಟಾಯ್ಲೆಟ್ ನೀರಿನ ಇಂಗುಗುಂಡಿಯನ್ನು ದಡದಿಂದ ಆದಷ್ಟು ದೂರ ಮಾಡಿಸಿದೆ. ಕೆಳಗಿನ ಊರುಗಳು ಈ ಹೊಳೆ ನೀರನ್ನೇ ಕುಡಿಯುವುದು. ದಡಕ್ಕೆ ಇಳಿಯುವ ಮೆಟ್ಟಿಲು ಸೈಜುಗಲ್ಲಿನದು, ಗಾರೆ ಇಲ್ಲದೆ ಜೋಡಿಸಿದ್ದು. ಒಂದೆರಡು ಕಲ್ಲು ಜಾರಿದರೆ ಮಳೆ ಮುಗಿದ ಮೇಲೆ ಮತ್ತೆ ಕೂರಿಸಬಹುದು. ಇಳಿಜಾರಿನ ಕೆಂಪು ಮಣ್ಣು ತೊಳೆದುಹೋಗದಿರಲಿ ಅಂತ ಸಾಲಾಗಿ ಲಾವಂಚ ನೆಟ್ಟೆವು.

ಮರಗಳ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಕೆಲವರಿಗೆ ಬಿದಿರು ಬೇಕು, ಹಲಸು ಬೇಕು. ದಡದ ಒಂದು ಮೂಲೆಯಲ್ಲಿ ಕೆಸರು ಒಣಗಿ ಗಟ್ಟಿಯಾದ ಆನೆ ಹೆಜ್ಜೆಗಳಿದ್ದವು, ಬುಟ್ಟಿಯಗಲದವು, ಕಾಡಿನಿಂದ ನೇರ ನೀರಿನ ಕಡೆಗೆ. ಪಕ್ಕದಲ್ಲೇ ಲದ್ದಿ. ಹಲಸು ಹಣ್ಣಾದಾಗ ಎಸ್ಟೇಟ್‌ಗಳಲ್ಲಿ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಿಕೊಡಬೇಕೇ? ನಾವೇ ಕರೆದು ಊಟ ಹಾಕಿದಂತೆ. ಕೊನೆಗೆ ದಡದಂಚಿಗೆ ಹೊಳೆಮತ್ತಿ ಮತ್ತು ಹೊಂಗೆ, ಮೇಲೆ ನೇರಳೆ. ಹೊಳೆಮತ್ತಿ ಮೊದಲೇ ಹೊಳೆ ದಂಡೆಯ ಮರ, ಕೆಲವು ವಾರ ಬುಡದಲ್ಲಿ ನೀರು ನಿಂತರೂ ಚಿಂತೆಯಿಲ್ಲ. ಸೋಲಾರ್ ಬೇಲಿಯನ್ನು ಮೇಲಿನ ಭಾಗಕ್ಕೆ ಮಾತ್ರ ಹಾಕಿಸಿದೆ. ಹೆಜ್ಜೆ ಕಂಡ ಆ ಮೂಲೆಯನ್ನು ಹಾಗೇ ಬಿಟ್ಟೆವು. ಅಲ್ಲಿ ಬೆಂಚೂ ಇಲ್ಲ, ದೀಪವೂ ಇಲ್ಲ.

ಗೇಟು ಸಂಜೆ ಐದೂವರೆಗೆ ಮುಚ್ಚುತ್ತದೆ. ಸೂರ್ಯಾಸ್ತದ ಫೋಟೋ ಬೇಕು ಅಂತ ಬರುವವರಿಗೆ ಇದು ಸಿಟ್ಟು. ವಾರಾಂತ್ಯದಲ್ಲಿ ಗೇಟಿನ ಹತ್ತಿರ ಜೋರು ಮಾತುಗಳೂ ಆಗುತ್ತವೆ. ಸಮಯ ಒಂದು ಗಂಟೆ ಮುಂದೂಡಿ ಅಂತ ನನ್ನನ್ನೂ ಕೇಳಿದರು. ಆನೆ ನೀರಿಗೆ ಇಳಿಯುವುದೂ ಅದೇ ಹೊತ್ತಿಗೆ. ಆಗಲ್ಲ ಅಂದೆ.