ನಾಲ್ಕು ಗುಂಟೆಯಲ್ಲಿ ಎಳ್ಳ ಅಮಾವಾಸ್ಯೆ

ಎಳ್ಳ ಅಮಾವಾಸ್ಯೆಯನ್ನು ಮನೆಯೊಳಗೆ ಕುಳಿತು ಮಾಡಲು ಬರುವುದಿಲ್ಲ. ದೀಪಾವಳಿಗೆ ಹಣತೆ ಹಚ್ಚಿದರಾಯಿತು, ಸಂಕ್ರಾಂತಿಗೆ ಕುಸುರೆಳ್ಳು ಹಂಚಿದರಾಯಿತು. ಈ ಹಬ್ಬಕ್ಕೆ ಹೊಲವೇ ಬೇಕು, ಹೊಲದಲ್ಲಿ ಬೆಳೆ ಬೇಕು, ಸುತ್ತ ಕುಳಿತು ಉಣ್ಣುವ ಮಂದಿ ಬೇಕು. ರೋಣ ತಾಲ್ಲೂಕಿನ ಎರೆಭೂಮಿಯಲ್ಲಿ ಬೆಳೆದ ನನಗೆ ಮ್ಯೂನಿಕ್ ನಗರದಲ್ಲಿದ್ದ ವರ್ಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ ಹಬ್ಬ. ಈಗ ಗದಗಕ್ಕೆ ಮರಳಿದ್ದೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಎಂಜಿನಿಯರಿಂಗ್ ಮುಗಿಸಿದ ಮಕ್ಕಳನ್ನು ಜರ್ಮನಿಗೆ ಕಳುಹಿಸುವ ತಂದೆ-ತಾಯಂದಿರು, ಅಲ್ಲಿ ಹಬ್ಬ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಡಿಸೆಂಬರ್ ಕೊನೆಗೋ ಜನವರಿಯ ಮೊದಲಿಗೋ ಈ ಹಬ್ಬ ಬರುವ ಹೊತ್ತಿಗೆ ನಮ್ಮಲ್ಲಿ ಹಿಂಗಾರಿ ಜೋಳ ತೆನೆ ಕಟ್ಟುತ್ತಿರುತ್ತದೆ, ಕಡಲೆ ಕಾಯಿ ಹಿಡಿದಿರುತ್ತದೆ. ಫಲ ಹೊತ್ತ ಭೂಮಿಯನ್ನು ಬಸುರಿ ಎಂದು ಬಗೆದು ಆಕೆಯ ಬಯಕೆ ತೀರಿಸುವುದೇ ಚರಗ. ಬನ್ನಿ ಮರದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಸಜ್ಜೆ ರೊಟ್ಟಿ, ಕಡುಬು, ಹೋಳಿಗೆ, ಪಲ್ಯ, ಅನ್ನ ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಮುಂದಿದ್ದವರು ‘ಹುಲ್ಲುಲ್ಲಿಗೋ’ ಎಂದರೆ ಹಿಂದಿನವರು ‘ಚೆಲ್ಲಂಬರಿಗೋ’ ಎನ್ನುತ್ತಾರೆ. ಊರಿಂದ ಊರಿಗೆ ಕೂಗು ತುಸು ಬದಲಾಗುತ್ತದೆ.

ಅಡುಗೆಯ ತೊಡಕಿನಿಂದ ಆರಂಭಿಸುತ್ತೇನೆ. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಆದರೆ ಬೀಸಿ ತಿಂಗಳುಗಳಾಗಿರುತ್ತದೆ. ಜೋಳಕ್ಕೆ ಗೋಧಿಯ ಅಂಟಿಲ್ಲ. ಬಿಸಿನೀರಿನಲ್ಲಿ ಬೆಂದ ಪಿಷ್ಟವೇ ಹಿಟ್ಟನ್ನು ಹಿಡಿದಿಡುತ್ತದೆ. ಹಿಟ್ಟು ಹಳತಾದರೆ ಜಿಗಿ ಹೋಗಿ, ತಟ್ಟುವಾಗಲೇ ರೊಟ್ಟಿಯ ಅಂಚು ಒಡೆಯುತ್ತದೆ. ಅರ್ಧ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗಲೇ ಉಳಿದರ್ಧದೊಂದಿಗೆ ಬಲವಾಗಿ ನಾದಿದರೆ ರೊಟ್ಟಿ ನಿಲ್ಲುತ್ತದೆ. ಗಾಜಿನ ಒಲೆಯ ಮೇಲೆ ನಮ್ಮ ತಗ್ಗು ಹಂಚು ಕೂರುವುದಿಲ್ಲ, ತಳ ಚಪ್ಪಟೆ ಇರುವ ಹಂಚೇ ಆಗಬೇಕು. ಇನ್ನು ಹೊಗೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ 2017ರ ಕೊನೆಯಿಂದ ಹಳೆಯ ಮನೆಗಳಲ್ಲೂ ಹೊಗೆ ಸೂಚಕ ಕಡ್ಡಾಯ. ಶೇಂಗಾ, ಒಣಮೆಣಸಿನಕಾಯಿ ಹುರಿದ ದಿನ ಪಡಸಾಲೆಯ ಸೂಚಕ ಇಡೀ ಕಟ್ಟಡ ಎಚ್ಚರಗೊಳ್ಳುವಂತೆ ಕೂಗಿತು, ಮೇಲಿನ ಮನೆಯವರು ಕೋಟು ತೊಟ್ಟು ಕೆಳಗಿಳಿದೇ ಬಿಟ್ಟರು. ಆಮೇಲೆ ನಾನು ಹುರಿಯುವ ಕೆಲಸವನ್ನೆಲ್ಲ ಒಲೆ ಬಿಟ್ಟು ಓವನ್‌ನಲ್ಲಿ, ಸಣ್ಣ ಶಾಖದಲ್ಲಿ ಮಾಡತೊಡಗಿದೆ. ಹೋಳಿಗೆಯ ಶೇಂಗಾಕ್ಕೆ ಅದೇ ಮೇಲು, ಒಂದೂ ಕಾಳು ಕರಕಾಗುವುದಿಲ್ಲ.

ಎಲ್ಲ ವಿಘ್ನಗಳೂ ಒಟ್ಟಿಗೆ ಬಂದದ್ದು 2019ರಲ್ಲಿ. ಊರಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಡಿಸೆಂಬರ್ 26ಕ್ಕೆ, ಅದೂ ಸೂರ್ಯಗ್ರಹಣದ ದಿನ. ಗದಗದಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಗ್ರಹಣ. ಮೋಕ್ಷವಾಗಿ, ಸ್ನಾನ ಮುಗಿಸಿ, ಆಮೇಲೆ ಬುತ್ತಿ ಕಟ್ಟಬೇಕು ಎಂದು ಅವ್ವ ಫೋನಿನಲ್ಲಿ ಹೇಳಿದಳು. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಗ್ರಹಣ ಮುಗಿದಾಗ ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ, ಸರಿ. ಆದರೆ ಅಮಾವಾಸ್ಯೆಯ ತಿಥಿಯೂ ಅಲ್ಲಿನ ಸೂರ್ಯೋದಯಕ್ಕೆ ಮೊದಲೇ ಮುಗಿದು ಹೋಗಿತ್ತು! ಅಲ್ಲಿನ ಸೂರ್ಯನನ್ನು ನಂಬಿದರೆ ಹಬ್ಬ 25ಕ್ಕೆ. ಸ್ನೇಹಿತರ ನಡುವೆ ದೊಡ್ಡ ಚರ್ಚೆ ನಡೆಯಿತು. ನಾನು 26 ಎಂದೇ ಹಟ ಹಿಡಿದೆ. ಅವ್ವ ಹೊಲದಲ್ಲಿರುವ ದಿನವೇ ನನಗೂ ಹಬ್ಬ. ಈ ಮಾತಿನಲ್ಲಿ ನಾನು ಇಂದಿಗೂ ಬದಲಾಗಿಲ್ಲ.

ತರಕಾರಿಯ ಕಥೆ ಇನ್ನೊಂದು. ಹುಬ್ಬಳ್ಳಿಯಿಂದ ಬರುತ್ತಿದ್ದ ಸ್ನೇಹಿತರೊಬ್ಬರು ಮುಳ್ಳು ಬದನೆಕಾಯಿ, ಹಸಿ ಕಡಲೆ, ಕರಿಬೇವು, ಧಾರವಾಡ ಪೇಡೆ ತರುವುದಾಗಿ ಮಾತು ಕೊಟ್ಟಿದ್ದರು. ಐರೋಪ್ಯ ಒಕ್ಕೂಟದೊಳಗೆ ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅದೇ ತಿಂಗಳ 14ರಿಂದ ಹಸಿ ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೆಂಬ ನಿಯಮ ಬಂದಿತ್ತು. ಎಲ್ಲವೂ ವಿಮಾನ ನಿಲ್ದಾಣದಲ್ಲೇ ಉಳಿಯಿತು. ಅವರು ಬಂದಿಳಿದದ್ದು 24ರ ಸಂಜೆ. ಅಲ್ಲಿ 24ರ ಮಧ್ಯಾಹ್ನ ಬಾಗಿಲು ಹಾಕಿದ ಅಂಗಡಿಗಳು 25, 26 ಎರಡೂ ದಿನ ತೆರೆಯುವುದಿಲ್ಲ. ಮನೆಯಲ್ಲಿ ಇದ್ದದ್ದು ಆಲೂಗಡ್ಡೆ, ಎಲೆಕೋಸು, ಫ್ರೀಜರಿನ ಬಟಾಣಿ. ಅವ್ವನಿಗೆ ಹೇಳಿದರೆ, ಆ ಮಣ್ಣಿನಲ್ಲಿ ಬೆಳೆದದ್ದನ್ನೇ ಆ ಮಣ್ಣಿಗೆ ಹಾಕಬೇಕು, ಬದನೆಕಾಯಿಗೆ ಯಾಕೆ ಅಳುತ್ತೀ ಎಂದಳು. ಎಲೆಕೋಸಿಗೆ ಗುರೆಳ್ಳು ಪುಡಿ ತುಂಬಿ ಎಣ್ಣೆಗಾಯಿ ಮಾಡಿದೆವು.

ಚೆಲ್ಲುವುದೆಲ್ಲಿ? ಬಯಲು ಉದ್ಯಾನಕ್ಕೆ ಹೋಗಿ ಒಂದು ಹಿಡಿ ಹಾಕಿದೊಡನೆ ಹಿರಿಯರೊಬ್ಬರು ತಡೆದರು. ಬೇಯಿಸಿದ, ಉಪ್ಪು ಬೆರೆತ ಅನ್ನ ಹಕ್ಕಿಗಳಿಗೆ ಕೆಡುಕು, ಇಲಿಗಳು ಬರುತ್ತವೆ ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು, ಉಳಿದದ್ದನ್ನು ಕಟ್ಟಿಕೊಂಡು ಮರಳಿದೆವು. ಸಭಾಂಗಣ ಬಾಡಿಗೆಗೆ ಹಿಡಿದು ಹಬ್ಬ ಮಾಡೋಣ ಎಂದು ಕೆಲವರು ಅಂದರು. ಗಣೇಶನಿಗೆ ಅದು ಒಪ್ಪುತ್ತದೆ. ಕಾಲಡಿ ಮಣ್ಣಿಲ್ಲದ ಕಡೆ ಯಾರಿಗೆ ಉಣಿಸುವುದು?

ದಾರಿ ತೋರಿಸಿದ್ದು ನಮ್ಮ ಕಚೇರಿಯ ಸಹೋದ್ಯೋಗಿ. ಜರ್ಮನಿಯ ನಗರಗಳಂಚಿನಲ್ಲಿ ‘ಕ್ಲೈನ್‌ಗಾರ್ಟನ್’ ಎಂಬ ಗುತ್ತಿಗೆ ತೋಟಗಳಿವೆ. 1983ರ ಕಾನೂನಿನ ಪ್ರಕಾರ ಒಂದೊಂದು 400 ಚದರ ಮೀಟರ್ ಮೀರಬಾರದು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಗುಂಟೆ. ಬರೀ ಹುಲ್ಲುಹಾಸು ಬೆಳೆಸುವಂತಿಲ್ಲ, ಕಾಯಿಪಲ್ಯ, ಹಣ್ಣು ಬೆಳೆಯಲೇಬೇಕು. ಆಕೆಯ ತೋಟದಲ್ಲಿ ಡಿಸೆಂಬರಿನಲ್ಲೂ ಲೀಕ್ ಈರುಳ್ಳಿ, ಕೇಲ್ ಸೊಪ್ಪು ನಿಂತಿದ್ದವು. ಅಕ್ಟೋಬರಿನಲ್ಲಿ ಊರಿದ ಬೆಳ್ಳುಳ್ಳಿ ಮೊಳೆತಿತ್ತು. ಅದನ್ನು ಕಂಡ ಮೇಲೆ ನನ್ನ ಮನಸ್ಸು ನಿಂತಿತು. ಅಲ್ಲಿಯ ಭೂಮಿಯೂ ಚಳಿಗಾಲದಲ್ಲಿ ಬಸುರಿಯೇ. 2022ರ ಜನವರಿ 2, ಭಾನುವಾರ, ಅಂಗಡಿ ಮುಚ್ಚಿದ್ದರೂ ಚಿಂತೆ ಇರಲಿಲ್ಲ. ಅಲ್ಲೇ ಕಿತ್ತ ಸೊಪ್ಪಿನ ಪಲ್ಯ ಮಾಡಿ, ಸೇಬಿನ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸಾಲಿಗೊಂದು ಚಿಟಿಕೆ ಚರಗ ಚೆಲ್ಲಿ, ಮಿಕ್ಕಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಿದೆವು.

ಚಳಿಯ ಬಯಲಿನಲ್ಲಿ ಊಟಕ್ಕೆ ಯಾವುದು ಒದಗುತ್ತದೆ ಎಂಬುದನ್ನೂ ಹೇಳಬೇಕು. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಗಸಿ ಚಟ್ನಿ ತಣ್ಣಗಿದ್ದರೂ ರುಚಿ. ಪಲ್ಯ, ಕಟ್ಟಿನ ಸಾರು ಥರ್ಮಸ್‌ನಲ್ಲೇ ಇರಬೇಕು. ಮೊಸರನ್ನ ಬೇಡ, ಬಾಯಿಗಿಡಲಾಗುವುದಿಲ್ಲ. ಕೊಳವೆ ಹೆಪ್ಪುಗಟ್ಟಿ ಒಡೆಯದಿರಲೆಂದು ಚಳಿಗಾಲದಲ್ಲಿ ತೋಟಗಳ ನೀರು ನಿಲ್ಲಿಸಿರುತ್ತಾರೆ, ನೀರನ್ನು ಮನೆಯಿಂದಲೇ ಒಯ್ಯಬೇಕು. ಸಂಜೆ ನಾಲ್ಕೂವರೆಗೆ ಕತ್ತಲಾಗುವುದರಿಂದ ಹನ್ನೆರಡಕ್ಕೆ ಪೂಜೆ ಮುಗಿದಿರಬೇಕು.

2022ರ ಡಿಸೆಂಬರ್ 23ಕ್ಕೆ ಮತ್ತೆ ಹಬ್ಬ ಬಂತು, 2023ರಲ್ಲಿ ಬರಲೇ ಇಲ್ಲ. ಅಧಿಕ ಶ್ರಾವಣದಿಂದಾಗಿ 2024ರ ಜನವರಿ 11ಕ್ಕೆ ಸರಿಯಿತು. ಆ ಗುರುವಾರ ದೇಶದುದ್ದಕ್ಕೂ ರೈಲು ಚಾಲಕರ ಮುಷ್ಕರ. ಜೊತೆಗೆ ಕೃಷಿ ಡೀಸೆಲ್ ರಿಯಾಯಿತಿ ಕಡಿತದ ವಿರುದ್ಧ ರೈತರು ಟ್ರ್ಯಾಕ್ಟರುಗಳನ್ನು ಹೆದ್ದಾರಿಗಿಳಿಸಿದ್ದ ವಾರ. ನಗರದಾಚೆಯ ಊರುಗಳಲ್ಲಿದ್ದ ಗೆಳೆಯರು ಬರಲಾಗಲಿಲ್ಲ. ಹೋಳಿಗೆಯ ಡಬ್ಬಿ ಅವರ ಬಳಿಯೇ ಉಳಿಯಿತು. ಅಪ್ಪನಿಗೆ ಫೋನಿನಲ್ಲಿ ಟ್ರ್ಯಾಕ್ಟರುಗಳ ಸಾಲಿನ ಸುದ್ದಿ ಹೇಳಿದೆ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ನೀರಾವರಿ ಕರದ ವಿರುದ್ಧ ಎದ್ದದ್ದನ್ನು ಕಂಡವರು ಅವರು. ಅಡುಗೆಯ ಮಾತು ಬಿಟ್ಟು, ಅಲ್ಲಿ ಎಷ್ಟು ಎಕರೆಯ ರೈತರು, ಗೋಧಿಗೆ ಏನು ದರ, ಸಾಲ ಎಷ್ಟಿರುತ್ತದೆ ಎಂದು ಕೇಳುತ್ತಲೇ ಹೋದರು. ಸಹೋದ್ಯೋಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಆಕೆ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸುತ್ತ, ಕತ್ತಲಾಗುವವರೆಗೂ ಅಪ್ಪನಿಗೆ ಉತ್ತರ ಕೊಟ್ಟೆ.