ತೂಕದ ಆಪರೇಷನ್ ಆದಮೇಲೆ ಕಬ್ಬಿಣಾಂಶ ಕಾಪಾಡಿಕೊಳ್ಳುವುದು ಹೇಗೆ

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಥಂಡಿಗೆ ಎಲ್ಲರೂ ಬಿಸಿಲು ಹುಡುಕುತ್ತಿದ್ದರೆ, ನಾನು ಥರ್ಮಾಸ್‌ನಲ್ಲಿ ತಂದಿದ್ದ ಐಸ್ ತುಂಡುಗಳನ್ನು ಕಟಕಟ ಕಡಿಯುತ್ತಿದ್ದೆ. ನಮ್ಮತ್ತೆ ನೋಡಿ, "ಯವ್ವಾ, ಇಷ್ಟ್ ಥಂಡ್ಯಾಗ ಬರ್ಫ್ ಯಾಕ ತಿನ್ಲಿಕತ್ತಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಸಿಗೆಯಲ್ಲಿ ಶುರುವಾದದ್ದು ಅದು. ಕಲಬುರಗಿಯ ಮೇ ತಿಂಗಳಲ್ಲಿ, 42-43 ಡಿಗ್ರಿ ಬಿಸಿಲಲ್ಲಿ, ಐಸ್ ತಿಂದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಮಳೆಗಾಲ ಹೋಯಿತು, ಚಳಿ ಬಂತು, ನನಗೆ ಬಿಡಲಿಕ್ಕೇ ಆಗಲಿಲ್ಲ. ರಾತ್ರಿ ಎದ್ದು ಫ್ರಿಜ್ ತೆಗೆಯುತ್ತಿದ್ದೆ.

ಆಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.1 ಇತ್ತು. ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ಬರೀ 6. ಐಸ್ ತಿನ್ನಬೇಕು ಅನಿಸುವುದು ಕಬ್ಬಿಣಾಂಶ ಕಡಿಮೆಯಾದಾಗ ಬರುವ ಲಕ್ಷಣ ಅಂತ ಅವತ್ತೇ ನನಗೆ ಗೊತ್ತಾದದ್ದು. ಕೆಲವರಿಗೆ ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಹೀಗಿದ್ದರೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ನಾನು ಹೈಸ್ಕೂಲ್ ಟೀಚರ್. 2019ರಲ್ಲಿ ಹೈದರಾಬಾದಿನಲ್ಲಿ ಬೈಪಾಸ್ ಮಾಡಿಸಿಕೊಂಡೆ. ಬೈಪಾಸ್ ಅಂದ ಕೂಡಲೇ ನಮ್ಮ ಕಡೆ ಹಾರ್ಟ್ ಆಪರೇಷನ್ ಅಂದುಕೊಳ್ಳುತ್ತಾರೆ. ಇದು ಹೊಟ್ಟೆಯದು, ತೂಕ ಇಳಿಸಲಿಕ್ಕೆ ಮಾಡುವಂಥದ್ದು. 116 ಕೆಜಿ ಇದ್ದವಳು 72ಕ್ಕೆ ಬಂದೆ. ಮೊಣಕಾಲು ನೋವು ಹೋಯಿತು, ಶುಗರ್ ಗುಳಿಗೆ ನಿಂತಿತು. ಮಾಡಿಸಿಕೊಂಡದ್ದು ಒಳ್ಳೆಯದೇ ಆಯಿತು ಅಂತ ಇವತ್ತಿಗೂ ಹೇಳುತ್ತೇನೆ. ಆದರೆ ಕಬ್ಬಿಣಾಂಶದ ಕೆಲಸ ಜೀವನಪೂರ್ತಿ ಇರುತ್ತದೆ ಅನ್ನುವುದನ್ನು ನನಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕಿತ್ತು. ಅದನ್ನೇ ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಯಾಕೆ ಕಡಿಮೆಯಾಗುತ್ತದೆ

ನಾವು ತಿಂದ ಕಬ್ಬಿಣಾಂಶವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್‌ನಲ್ಲಿ ಊಟ ಆ ಭಾಗವನ್ನೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಜೊತೆಗೆ ಸೊಪ್ಪು-ಕಾಳಿನ ಕಬ್ಬಿಣ ಕರಗಲಿಕ್ಕೆ ಹೊಟ್ಟೆಯ ಆಮ್ಲ ಬೇಕು. ಜಠರ ಚಿಕ್ಕದಾದಾಗ ಆಮ್ಲವೂ ಕಮ್ಮಿ. ಸ್ಲೀವ್ ಅನ್ನುವ ಇನ್ನೊಂದು ಬಗೆಯ ತೂಕದ ಆಪರೇಷನ್ ಮಾಡಿಸಿಕೊಂಡವರಿಗೆ ಕರುಳಿನ ದಾರಿ ಬದಲಾಗುವುದಿಲ್ಲ. ಆದರೆ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದಿರುತ್ತಾರೆ. ಹಾಗಾಗಿ ಅವರಿಗೂ ಈ ತೊಂದರೆ ತಪ್ಪಿದ್ದಲ್ಲ. ಮೇಲೆ ಮುಟ್ಟು ಆಗುವ ಹೆಂಗಸರಾದರೆ ತಿಂಗಳು ತಿಂಗಳು ರಕ್ತ ಹೋಗುತ್ತಲೇ ಇರುತ್ತದೆ. ತಿನ್ನುವುದು ಅರ್ಧ ರೊಟ್ಟಿ, ಹೋಗುವುದು ಮೊದಲಿನಷ್ಟೇ.

ಹಿಮೋಗ್ಲೋಬಿನ್ ಒಂದನ್ನೇ ನಂಬಬೇಡಿ

ನನ್ನ ವಿಷಯದಲ್ಲಿ ತಪ್ಪಾದದ್ದು ಇಲ್ಲೇ. ಆಪರೇಷನ್ ಆಗಿ ಒಂದೂವರೆ ವರ್ಷಕ್ಕೆ ಸುಸ್ತು ಅಂತ ಊರಲ್ಲೇ ಒಂದು ಕಡೆ ತೋರಿಸಿದ್ದೆ. ಹಿಮೋಗ್ಲೋಬಿನ್ ಮಾತ್ರ ನೋಡಿದರು. 12.2 ಇತ್ತು. "ಎಲ್ಲಾ ನಾರ್ಮಲ್" ಅಂದು ಟಾನಿಕ್ ಬರೆದುಕೊಟ್ಟರು. ಕೂದಲು ಮುಷ್ಟಿಗಟ್ಟಲೆ ಉದುರುತ್ತಿತ್ತು. ಬ್ರಹ್ಮಪುರದ ನಮ್ಮ ಮನೆಯ ಎರಡು ಮಹಡಿ ಹತ್ತಿದರೆ ದಮ್ಮು ಹತ್ತುತ್ತಿತ್ತು. ರಾತ್ರಿ ಮಲಗಿದರೆ ಕಾಲು ಸುಮ್ಮನಿರುತ್ತಿರಲಿಲ್ಲ, ಅಲ್ಲಾಡಿಸುತ್ತಲೇ ಇರಬೇಕು ಅನಿಸುತ್ತಿತ್ತು. ಅದೂ ಕಬ್ಬಿಣಾಂಶದ್ದೇ ಅಂತ ಆಮೇಲೆ ತಿಳಿಯಿತು.

ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಹಿಮೋಗ್ಲೋಬಿನ್ ಅಂದರೆ ಅಡುಗೆಮನೆ ಡಬ್ಬಿಯ ಜೋಳ. ಫೆರಿಟಿನ್ ಅಂದರೆ ಹಗೇವಿನ, ಅಂದರೆ ನೆಲದೊಳಗಿನ ಕಣಜದ ಜೋಳ. ಡಬ್ಬಿ ಖಾಲಿಯಾದ ಹಾಗೆ ಹಗೇವಿನಿಂದ ತಂದು ತುಂಬುತ್ತೇವೆ. ಡಬ್ಬಿ ತುಂಬಿಯೇ ಕಾಣುತ್ತದೆ. ಡಬ್ಬಿ ಇಳಿಯಲಿಕ್ಕೆ ಶುರುವಾಯಿತು ಅಂದರೆ ಹಗೇವು ಆಗಲೇ ಬರಿದಾಗಿದೆ ಅಂತ ಅರ್ಥ.

ಆದ್ದರಿಂದ ಲ್ಯಾಬಿಗೆ ಹೋದಾಗ ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ಜೊತೆ ಫೆರಿಟಿನ್, ಐರನ್, ಟಿಐಬಿಸಿ (ರಕ್ತ ಎಷ್ಟು ಕಬ್ಬಿಣ ಹೊರಬಲ್ಲದು ಅನ್ನುವ ಲೆಕ್ಕ) ಕೇಳಿ ಮಾಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ, ಗಂಡಸರಿಗೆ 13ಕ್ಕಿಂತ ಕೆಳಗೆ ಇದ್ದರೆ ರಕ್ತಹೀನತೆ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಹಗೇವು ಬರಿದಾಗಿದೆ ಅಂತಲೇ. 30ಕ್ಕಿಂತ ಕೆಳಗಿದ್ದರೂ ಬಹಳಷ್ಟು ಡಾಕ್ಟರು ಚಿಕಿತ್ಸೆ ಶುರು ಮಾಡುತ್ತಾರೆ. ಒಂದು ಮಾತು ನೆನಪಿಡಿ: ಜ್ವರ, ಸೋಂಕು, ಎಲ್ಲಾದರೂ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಮೇಲೇರಿ ಕಾಣುತ್ತದೆ. ಜ್ವರ ಬಿಟ್ಟ ಮಾರನೇ ದಿನ ಓಡಿಹೋಗಿ ಮಾಡಿಸಬೇಡಿ. ಬಿ12 ಮತ್ತು ಫೋಲೇಟ್ ಅನ್ನುವ ವಿಟಮಿನ್‌ಗಳನ್ನೂ ನೋಡಿಸಿ. ಅವು ಕಡಿಮೆಯಾದರೂ ರಕ್ತ ಕಮ್ಮಿಯಾಗುತ್ತದೆ, ಆಗ ಬರೀ ಐರನ್ ನುಂಗಿ ಪ್ರಯೋಜನ ಇಲ್ಲ.

ಮೊದಲ ವರ್ಷ 3, 6, 12ನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಬೇಕು. ಚೆನ್ನಾಗಿದ್ದೇನೆ ಅಂತ ಬಿಡಬೇಡಿ. ನಾನು ಎರಡನೇ ವರ್ಷ ಬಿಟ್ಟೆ.

ಗುಳಿಗೆ ಮತ್ತು ಗಡಿಯಾರ

ಆಪರೇಷನ್ ಆದ ನಮ್ಮಂಥ ಹೆಂಗಸರಿಗೆ ಕೊರತೆ ಬರದಂತೆ ತಡೆಯಲಿಕ್ಕೇ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಹೇಳುತ್ತಾರೆ. ಕೊರತೆ ಬಂದಮೇಲೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಅದನ್ನು ಡಾಕ್ಟರೇ ಹೇಳಬೇಕು. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತೇವಲ್ಲ, ಅದರಲ್ಲಿ 60 ಮಿಲಿಗ್ರಾಂ ಇರುತ್ತದೆ. ಆ ಮಕ್ಕಳಿಗೆ ವಾರಕ್ಕೊಂದು ಸಾಕು. ನಮಗೆ ಸಾಲುವುದಿಲ್ಲ.

ಗುಳಿಗೆ ಪಟ್ಟಿಯ ಮೇಲೆ ಬರೆದ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. "ಎಲಿಮೆಂಟಲ್ ಐರನ್" ಎಷ್ಟು ಅಂತ ಹುಡುಕಿ. 200 ಮಿಲಿಗ್ರಾಂ ಫೆರಸ್ ಸಲ್ಫೇಟ್ ಗುಳಿಗೆಯಲ್ಲಿ ನಿಜವಾದ ಕಬ್ಬಿಣ ಸುಮಾರು 65 ಮಿಲಿಗ್ರಾಂ ಅಷ್ಟೇ. ಫೆರಸ್ ಆಸ್ಕಾರ್ಬೇಟ್ ಗುಳಿಗೆಗಳ ಮೇಲೆ ಸಾಮಾನ್ಯವಾಗಿ ಎಲಿಮೆಂಟಲ್ ಲೆಕ್ಕವನ್ನೇ ಬರೆದಿರುತ್ತಾರೆ. ನಿಧಾನವಾಗಿ ಕರಗುವ ಗುಳಿಗೆ, ಕರುಳಿನಲ್ಲಿ ಕರಗುವ ಕೋಟಿಂಗ್ ಇರುವ ಗುಳಿಗೆ ನಮಗೆ ಬೇಡ. ಅದು ಕರಗುವ ಹೊತ್ತಿಗೆ ಹೀರಿಕೊಳ್ಳುವ ಜಾಗ ದಾಟಿಹೋಗಿರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ.

ಇನ್ನು ಸಮಯ. ನನಗೆ ಕೇಳಿದರೆ ಡೋಸ್‌ಗಿಂತ ಇದೇ ಮುಖ್ಯ. ನಾನು ಮೊದಲು ಐರನ್, ಕ್ಯಾಲ್ಸಿಯಂ ಎಲ್ಲಾ ಗುಳಿಗೆಗಳನ್ನು ಬೆಳಿಗ್ಗೆ ಒಟ್ಟಿಗೆ ನುಂಗಿ, ಮೇಲೆ ಒಂದು ಕಪ್ ಚಹಾ ಕುಡಿದು ಶಾಲೆಯ ಬಸ್ ಹಿಡಿಯುತ್ತಿದ್ದೆ. ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ. ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ವರ್ಷ ನಾನು ನುಂಗಿದ್ದು ಹೆಚ್ಚುಕಡಿಮೆ ದಂಡವಾಯಿತು.

ಈಗ ಹೀಗೆ ಮಾಡುತ್ತೇನೆ. ಬೆಳಿಗ್ಗೆ ತಿಂಡಿ ಜೊತೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ ಶಾಲೆಯಲ್ಲಿ ಊಟದ ಜೊತೆ ಇನ್ನೊಂದು. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ನಮಗೆ ಒಳ್ಳೆಯದು, ಅದಕ್ಕೆ ಆಮ್ಲ ಬೇಕಾಗುವುದಿಲ್ಲ. ಸಂಜೆ 5ಕ್ಕೆ ಕೊನೆಯ ಚಹಾ. ಏಳೂವರೆಗೆ ಊಟ. ಒಂಬತ್ತೂವರೆಗೆ ಐರನ್ ಗುಳಿಗೆ, ಅರ್ಧ ಲೋಟ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಸಕ್ಕರೆ ಹಾಕದೆ. ನಿಂಬೆಯ ವಿಟಮಿನ್ ಸಿ ಕಬ್ಬಿಣವನ್ನು ಎಳೆದುಕೊಳ್ಳಲು ಸಹಾಯ ಮಾಡುತ್ತದೆ. ಕ್ಯಾಲ್ಸಿಯಂಗೂ ಐರನ್‌ಗೂ ನಡುವೆ ಎರಡು ತಾಸು ಅಂತರ ಇರಲೇಬೇಕು. ಹಾಲು, ಮೊಸರು, ಮಜ್ಜಿಗೆಯೂ ಇದೇ ಲೆಕ್ಕಕ್ಕೆ ಬರುತ್ತವೆ. ಮಲ್ಟಿವಿಟಮಿನ್‌ನಲ್ಲೂ ಕ್ಯಾಲ್ಸಿಯಂ ಅಡಗಿರುತ್ತದೆ, ಓದಿ ನೋಡಿ. ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು ನಾಲ್ಕು ತಾಸು ಬಿಡಬೇಕು, ಇಲ್ಲದಿದ್ದರೆ ಆ ಗುಳಿಗೆಯೂ ಕೆಲಸ ಮಾಡುವುದಿಲ್ಲ.

ಗ್ಯಾಸ್ ಗುಳಿಗೆ ಬಗ್ಗೆಯೂ ಕೇಳಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಆಮ್ಲ ತಗ್ಗಿಸುತ್ತವೆ, ಕಬ್ಬಿಣ ಸೇರುವುದು ಇನ್ನೂ ಕಮ್ಮಿಯಾಗುತ್ತದೆ. ಆದರೆ ಆಪರೇಷನ್ ಆದ ಹೊಸದರಲ್ಲಿ ಹುಣ್ಣು ಆಗದಿರಲಿ ಅಂತ ಕೊಟ್ಟಿರುತ್ತಾರೆ, ನೀವೇ ನಿಲ್ಲಿಸಬೇಡಿ.

ಹೊಟ್ಟೆ ತೊಳಸಿದರೆ, ಮಲಬದ್ಧತೆ ಆದರೆ ಗುಳಿಗೆ ಬಿಟ್ಟುಬಿಡುವುದು ಎಲ್ಲರೂ ಮಾಡುವ ಕೆಲಸ. ಬಿಡುವ ಬದಲು ಡಾಕ್ಟರಿಗೆ ಫೋನ್ ಮಾಡಿ. ನನಗೆ ದಿನ ಬಿಟ್ಟು ದಿನ ತೆಗೆದುಕೊಳ್ಳಿ ಅಂದರು. ಒಂದು ಡೋಸ್ ತೆಗೆದುಕೊಂಡರೆ ದೇಹ ಸುಮಾರು ಒಂದು ದಿನ ಕಬ್ಬಿಣದ ಬಾಗಿಲನ್ನು ಅರ್ಧ ಮುಚ್ಚಿಕೊಳ್ಳುತ್ತದಂತೆ, ಅದಕ್ಕೇ ಕೆಲವರಿಗೆ ಹೀಗೆ ಕೊಡುತ್ತಾರೆ. ಎಲ್ಲರಿಗೂ ಇದೇ ಸರಿ ಅಂತಲ್ಲ.

ಅಡುಗೆಮನೆಯಲ್ಲಿ

"ಬೆಲ್ಲ-ಶೇಂಗಾ ತಿನ್ನು, ರಕ್ತ ಆಗ್ತದ" ಅಂತ ಅತ್ತೆ ದಿನಾ ಹೇಳುತ್ತಿದ್ದರು. ಪ್ರೀತಿಯಿಂದ ಹೇಳುವ ಮಾತು, ಆದರೆ ನಮಗೆ ಒಗ್ಗುವುದಿಲ್ಲ. ಬೈಪಾಸ್ ಆದವರು ಬೆಲ್ಲ, ಖರ್ಜೂರ, ಹೋಳಿಗೆ ಜಾಸ್ತಿ ತಿಂದರೆ ಎದೆ ಡವಡವ, ಬೆವರು, ಹೊಟ್ಟೆನೋವು, ಭೇದಿ ಆಗಬಹುದು. ನನಗೆ ಒಮ್ಮೆ ಹಾಗಾಗಿ ಒಂದು ತಾಸು ಮಲಗಿದ್ದೆ. ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಅಂದ ಮಾತ್ರಕ್ಕೆ ಕಬ್ಬಿಣ ಜಾಸ್ತಿ ಇದೆ ಅಂತ ಅಲ್ಲ.

ನಮಗೆ ನಿಜವಾಗಿ ಸಹಾಯ ಮಾಡುವುದು ಪುಂಡಿ ಪಲ್ಯ ಮತ್ತು ಕಬ್ಬಿಣದ ಬಾಣಲೆ. ಸೂಪರ್ ಮಾರ್ಕೆಟ್ ಹತ್ತಿರ ಒಂದು ದಪ್ಪನೆಯ ಬಾಣಲೆ ತಂದೆ. ತೊಗರಿ ಬೇಳೆಯನ್ನು ಬೇರೆ ಬೇಯಿಸಿಟ್ಟುಕೊಳ್ಳುತ್ತೇನೆ. ಬಾಣಲೆಯಲ್ಲಿ ಎಣ್ಣೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಪುಂಡಿ ಸೊಪ್ಪು ಬಿದ್ದ ಕೂಡಲೇ ಚುಂಯ್ ಅಂದು ಕುಗ್ಗುತ್ತದೆ. ಹುಳಿ ಬಿಡುತ್ತಾ ಬಿಡುತ್ತಾ ಅದರ ಹಸಿರು ಕಪ್ಪಾಗುತ್ತದೆ. ಆ ಹುಳಿಯೇ ಬಾಣಲೆಯ ಕಬ್ಬಿಣವನ್ನು ಸ್ವಲ್ಪ ಸ್ವಲ್ಪ ಪಲ್ಯಕ್ಕೆ ಇಳಿಸುತ್ತದೆ. ಆಮೇಲೆ ಬೇಳೆ ಸೇರಿಸಿ ಹತ್ತು ನಿಮಿಷ ಕುದಿಸಿ, ಕೂಡಲೇ ಸ್ಟೀಲ್ ಪಾತ್ರೆಗೆ ತೆಗೆಯುತ್ತೇನೆ. ಅದರಲ್ಲೇ ಬಿಟ್ಟರೆ ನಾಲಿಗೆಗೆ ಕಬ್ಬಿಣದ ರುಚಿ ಹತ್ತುತ್ತದೆ. ಬಾಣಲೆ ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ ಇಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಮಡಕಿ, ಹೆಸರು ಮೊಳಕೆ ಬರಿಸಿ ಉಸುಳಿ ಮಾಡಿ, ಮೇಲೆ ನಿಂಬೆ ಹಿಂಡಿ. ಕಾಳಿನಲ್ಲಿ ಕಬ್ಬಿಣವನ್ನು ತಡೆಯುವ ಅಂಶ ಮೊಳಕೆ ಬಂದಾಗ ಕಡಿಮೆಯಾಗುತ್ತದೆ. ಸಜ್ಜೆಯಲ್ಲಿ ಜೋಳಕ್ಕಿಂತ ಕಬ್ಬಿಣ ಜಾಸ್ತಿ, ಚಳಿಗಾಲದಲ್ಲಿ ಸಜ್ಜೆ ರೊಟ್ಟಿ ಮಾಡಿ. ನಾವು ಮಾಂಸ ತಿನ್ನುವುದಿಲ್ಲ. ತಿನ್ನುವವರಿಗೆ ಮಟನ್, ಲಿವರ್ ಒಳ್ಳೆಯದು, ಅದರ ಕಬ್ಬಿಣ ಬೇಗ ಸೇರುತ್ತದೆ. ಲಿವರ್‌ನಲ್ಲಿ ವಿಟಮಿನ್ ಎ ಬಹಳ ಇರುತ್ತದೆ, ಗರ್ಭಿಣಿಯರಿಗೆ ಬೇಡ. ಆದರೆ ಒಂದು ಸತ್ಯ ಒಪ್ಪಿಕೊಳ್ಳಬೇಕು: ಇಷ್ಟು ಚಿಕ್ಕ ಹೊಟ್ಟೆಗೆ ಊಟದಿಂದ ಮಾತ್ರ ಕೊರತೆ ತುಂಬುವುದಿಲ್ಲ. ಊಟ ಜೊತೆಗಿರಲಿ, ಗುಳಿಗೆ ಬಿಡಬೇಡಿ.

ಗುಳಿಗೆ ಸಾಲದಿದ್ದರೆ ಸಲಾಯಿನ್

ಗುಳಿಗೆ ಶುರು ಮಾಡಿ ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಒಂದಾದರೂ ಏರಬೇಕು. ನನಗೆ ಏರಿದ್ದು 0.2. ಆಗ ರಕ್ತನಾಳದ ಮೂಲಕ ಐರನ್ ಕೊಟ್ಟರು. ಕರುಳಿನ ಹಂಗೇ ಇಲ್ಲದೆ ನೇರ ರಕ್ತಕ್ಕೆ ಸೇರುತ್ತದೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೆ ಕೊಡಬಹುದು. ಐರನ್ ಸುಕ್ರೋಸ್ ಆದರೆ ಬೆಲೆ ಕಮ್ಮಿ, ಆದರೆ ಹಲವು ಸಲ ಹೋಗಬೇಕು.

ಬಾಟಲಿಯ ಬಣ್ಣ ನೋಡಿ ನನಗೆ ಭಯವಾಗಿತ್ತು. ಹಾಲು ಹಾಕದ ಕಡು ಚಹಾದ ಬಣ್ಣ. ಹನಿ ಹನಿಯಾಗಿ ಅರ್ಧ ತಾಸು ಇಳಿಯಿತು, ಆಮೇಲೆ ಅರ್ಧ ತಾಸು ಅಲ್ಲೇ ಕೂರಿಸಿದರು. ಕೂರಿಸಲೇಬೇಕು, ಅಲರ್ಜಿ ಆಗುವುದಿದ್ದರೆ ಆಗಲೇ ಗೊತ್ತಾಗಬೇಕು. ಹಾಗಾಗಿ ಇದನ್ನು ಮನೆಯಲ್ಲಿ ಹಚ್ಚಿಸಿಕೊಳ್ಳಬೇಡಿ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ಸೂಜಿ ಚುಚ್ಚಿದ ಜಾಗ ಉರಿದರೆ, ಊದಿದರೆ ತಕ್ಷಣ ನರ್ಸಮ್ಮನನ್ನು ಕರೆಯಿರಿ. ಔಷಧಿ ಚರ್ಮದೊಳಗೆ ಸೋರಿದರೆ ಕಂದು ಕಲೆ ಬಹಳ ಕಾಲ ಉಳಿಯುತ್ತದೆ. ಪದೇ ಪದೇ ಬೇಕಾದವರು ರಕ್ತದ ಫಾಸ್ಫರಸ್ ಕೂಡ ನೋಡಿಸಬೇಕು, ಕಾರ್ಬಾಕ್ಸಿಮಾಲ್ಟೋಸ್‌ನಿಂದ ಅದು ಇಳಿಯುವುದುಂಟು.

ನಾಲ್ಕೈದು ದಿನಕ್ಕೆ ಐಸ್ ನೆನಪೇ ಹೋಯಿತು. ಹಿಮೋಗ್ಲೋಬಿನ್ ಏರುವ ಮೊದಲೇ! ಫ್ರಿಜ್‌ನಲ್ಲಿ ಟ್ರೇ ತುಂಬಿದ್ದು ತುಂಬಿದಂತೆಯೇ ಇತ್ತು. ಅದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ಕೂಡಲೇ ತೋರಿಸಬೇಕಾದದ್ದು

ಐರನ್ ಗುಳಿಗೆ ನುಂಗಿದರೆ ಮಲ ಕಪ್ಪು-ಹಸಿರು ಬರುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬಂದರೆ ಒಳಗೆ ರಕ್ತ ಸೋರುತ್ತಿರಬಹುದು. ಕೂತಲ್ಲೇ ದಮ್ಮು ಹತ್ತುವುದು, ಎದೆನೋವು, ತಲೆ ತಿರುಗಿ ಬೀಳುವುದು ಆದರೆ ಬೆಳಗಾಗುವವರೆಗೆ ಕಾಯಬೇಡಿ. ಮೊಣಕಾಲು ನೋವು, ತಲೆನೋವು ಅಂತ ಡೈಕ್ಲೊಫೆನಾಕ್, ಐಬುಪ್ರೊಫೇನ್ ನುಂಗಬೇಡಿ. ಬೈಪಾಸ್ ಆದವರಿಗೆ ಅದರಿಂದ ಹುಣ್ಣಾಗಿ ರಕ್ತ ಹೋಗುವ ಅಪಾಯ ಇದೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದ್ದರೆ ನಾಚಿಕೊಳ್ಳದೆ ಹೆಂಗಸರ ಡಾಕ್ಟರಿಗೆ ತೋರಿಸಿ. ಅಲ್ಲಿ ಸೋರುವುದು ನಿಲ್ಲದೆ ಇಲ್ಲಿ ಎಷ್ಟು ತುಂಬಿದರೂ ಅಷ್ಟೇ ಅಲ್ವಾ? ಮದುವೆಯಾದ ಹುಡುಗಿಯರು ಆಪರೇಷನ್ ಆಗಿ ಕನಿಷ್ಠ 12ರಿಂದ 18 ತಿಂಗಳು ಬಸಿರಾಗುವುದನ್ನು ಮುಂದೆ ಹಾಕಿ.

ಗುಳಿಗೆ ಡಬ್ಬಿ ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಕೆಂಪಗೆ ಮಿಠಾಯಿಯಂತೆ ಕಾಣುತ್ತವೆ. ಚಿಕ್ಕ ಮಕ್ಕಳು ಕೆಲವು ನುಂಗಿದರೂ ಜೀವಕ್ಕೆ ಅಪಾಯ. ನನ್ನ ಡಬ್ಬಿ ದೇವರ ಜಗುಲಿಯ ಮೇಲಿನ ಕಪಾಟಿನಲ್ಲಿದೆ, ಪಕ್ಕದಲ್ಲೇ ಒಂದು ನೂರು ಪುಟದ ನೋಟ್‌ಬುಕ್. ತಾರೀಖು, ಹಿಮೋಗ್ಲೋಬಿನ್, ಫೆರಿಟಿನ್, ಬಿ12 ಬರೆಯುತ್ತಾ ಹೋಗುತ್ತೇನೆ. ಡ್ರಿಪ್ ಹಾಕಿಸಿಕೊಂಡವರು ಫೆರಿಟಿನ್ ಅನ್ನು ಮರುವಾರವೇ ನೋಡಿಸಬೇಡಿ, ಸುಳ್ಳೇ ಜಾಸ್ತಿ ತೋರಿಸುತ್ತದೆ. ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಎಂಟು ವಾರ ಬಿಟ್ಟು ಮಾಡಿಸಿ. ಹೋಗುವಾಗ ಹಳೆಯ ರಿಪೋರ್ಟ್‌ಗಳನ್ನೂ ಆ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.