ಜಿಪ್ಸಿಯ ಮುಂದಿನ ಆಕ್ಸಲ್‌ಗೆ ನೀರು ಹೊಕ್ಕ ದಾರಿ

ಎರಡು ಮಳೆಗಾಲದಲ್ಲಿ ಎರಡು ಸಲ ನಮ್ಮ ಜಿಪ್ಸಿಯ ಮುಂದಿನ ಆಕ್ಸಲ್‌ನ ಒಂದೇ ಬದಿಯ ಜಾಯಿಂಟ್ ಹೋಯಿತು. ಚಕ್ರ ತಿರುವಿದಾಗಲೂ ಎಂಜಿನ್ನಿನ ಎಳೆತವನ್ನು ಅದಕ್ಕೆ ಮುಟ್ಟಿಸುವ ಕೀಲು ಅದು. ಮೊದಲ ಸಲ ಗ್ಯಾರೇಜಿಗೆ ಕೊಟ್ಟಿದ್ದೆ. ಹಳೇ ಜಾಯಿಂಟ್ ತೆಗೆದು ಹೊಸತು ಹಾಕಿ, ಗ್ರೀಸ್ ತುಂಬಿ ಕೊಟ್ಟರು. ಒಂದೇ ವರ್ಷದಲ್ಲಿ ಮತ್ತೆ ಅದೇ ಕಟಕಟ ಸದ್ದು. ಹೊಸ ಜಾಯಿಂಟ್ ಇಷ್ಟು ಬೇಗ ಹೋಗುವಂಥದ್ದಲ್ಲ. ಏನೋ ಬೇರೆ ಕಾರಣ ಇದೆ ಅನ್ನಿಸಿ, ಎರಡನೇ ಸಲ ನಾನೇ ಅಂಗಳದಲ್ಲಿ ಬಿಚ್ಚಿದೆ.

ನಮ್ಮ ಮನೆಗೆ ಬರಬೇಕಾದರೆ ಶಿರಸಿಯಿಂದ ಕುಮಟಾ ರಸ್ತೆ ಹಿಡಿದು, ದೇವಿಮನೆ ಘಟ್ಟ ಸಿಗುವ ಮೊದಲೇ ಒಳಗೆ ತಿರುಗಬೇಕು. ಟಾರು ಮುಗಿದ ಮೇಲೆ ಕೆಂಪು ಮಣ್ಣಿನ ಇಳಿಜಾರು. ನಡುವೆ ಎರಡು ಹಳ್ಳ. ಒಂದಕ್ಕೆ ಅಡಿಕೆ ಮರದ ಸಂಕ ಇದೆ, ಅದು ನಡೆದು ಹೋಗುವವರಿಗೆ. ಗಾಡಿ ನೀರಿಗೇ ಇಳಿಯಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಗೊಬ್ಬರ, ಮೈಲುತುತ್ತ, ಮನೆ ಸಾಮಾನು ಎಲ್ಲಾ ಬರುವುದು 1998ರ ಈ ಜಿಪ್ಸಿಯಲ್ಲೇ. 1298 ಸಿಸಿ ಎಂಜಿನ್, ಮುಂದೆ ಗಟ್ಟಿ ಆಕ್ಸಲ್, ಕೈಯಲ್ಲಿ ತಿರುಗಿಸಿ ಲಾಕ್ ಮಾಡುವ ಹಬ್. ಅದನ್ನು ಲಾಕ್ ಮಾಡಿದರೆ ಮಾತ್ರ ಮುಂದಿನ ಚಕ್ರ ಶಾಫ್ಟಿಗೆ ಸೇರಿಕೊಳ್ಳುತ್ತದೆ. ಫೋರ್ ವೀಲ್ ಇಲ್ಲದೆ ಮಳೆಗಾಲದಲ್ಲಿ ನಮ್ಮ ದಿಬ್ಬ ಹತ್ತುವುದಿಲ್ಲ.

ಸದ್ದು ಕೇಳಿದ್ದು ಹೀಗೆ. ದಿಬ್ಬದ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹತ್ತುವಾಗ ಮುಂದಿನಿಂದ ಕಟ್, ಕಟ್, ಕಟ್. ವೇಗ ಹೆಚ್ಚಿದರೆ ಸದ್ದೂ ಬೇಗ ಬೇಗ. ಸ್ಟೀರಿಂಗ್ ನೇರ ಮಾಡಿದರೆ ಇಲ್ಲ. ಹಬ್ ಬಿಡಿಸಿ ಟೂ ವೀಲ್‌ನಲ್ಲಿ ಓಡಿಸಿದರೆ ಎಷ್ಟು ತಿರುಗಿಸಿದರೂ ಇಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಗೇರ್ ಹಾಕಿದಾಗ, ಹಿಂದೆ ಮುಂದೆ ಮಾಡಿದಾಗ ಒಂದೇ ಸಲ ಟಕ್ ಅಂದರೆ ಅದು ಎಂಜಿನ್ ಕಡೆಯಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ಇರಬಹುದು. ನೇರ ಓಡುವಾಗಲೂ ಗುಂಯ್ ಅನ್ನುತ್ತಿದ್ದರೆ ವೀಲ್ ಬೇರಿಂಗ್. ತಿರುವಿನಲ್ಲಿ, ಎಳೆತ ಇದ್ದಾಗ ಮಾತ್ರ ಕಟಕಟ ಅಂದರೆ ಜಾಯಿಂಟ್.

ಈ ಪರೀಕ್ಷೆಯನ್ನು ಮಣ್ಣಿನ ಮೇಲೇ ಮಾಡಬೇಕು. ಟಾರಿನ ಮೇಲೆ ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಬೇಡಿ. ಮುಂದಿನ ಮತ್ತು ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಓಡುತ್ತವೆ. ಆ ವ್ಯತ್ಯಾಸ ನುಂಗಲು ಈ ಗಾಡಿಗೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಅನ್ನುವ ಗೇರ್ ಜೋಡಣೆ ಇಲ್ಲ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಆ ಒತ್ತಡವೆಲ್ಲ ಜಾಯಿಂಟ್ ಮೇಲೆ, ಗೇರ್ ಮೇಲೆ ಬೀಳುತ್ತದೆ. ಚೆನ್ನಾಗಿರುವ ಜಾಯಿಂಟೂ ಹೀಗೆ ಮುರಿಯಬಹುದು.

ಯಾವ ಬದಿ ಅಂತ ತಿಳಿಯಲು ಮೊದಲು ಒಂದೇ ಹಬ್ ಲಾಕ್ ಮಾಡಿ ಓಡಿಸಿ ನೋಡಿದೆ. ಎಡಕ್ಕೂ ಸದ್ದಿಲ್ಲ, ಬಲಕ್ಕೂ ಸದ್ದಿಲ್ಲ. ಆಮೇಲೆ ಕೂತು ಯೋಚಿಸಿದಾಗ ಕಾರಣ ಹೊಳೆಯಿತು. ಒಂದು ಹಬ್ ಬಿಡಿಸಿದ್ದರೆ ಮುಂದಿನ ಆಕ್ಸಲ್‌ನೊಳಗಿನ ಡಿಫರೆನ್ಷಿಯಲ್ ಆ ಖಾಲಿ ಬದಿಯನ್ನೇ ಸುಮ್ನೆ ತಿರುಗಿಸುತ್ತದೆ, ಲಾಕ್ ಆದ ಬದಿಗೆ ಎಳೆತವೇ ಹೋಗುವುದಿಲ್ಲ. ಎಳೆತ ಇಲ್ಲದೆ ಜಾಯಿಂಟ್ ಮಾತಾಡುವುದಿಲ್ಲ. ಹಾಗಾಗಿ ಎರಡೂ ಹಬ್ ಲಾಕ್ ಮಾಡಿ, ಅಂಗಳದಲ್ಲಿ ನಿಧಾನ ಸುತ್ತು ಹೊಡೆದೆ. ಅಕ್ಕನ ಮಗ ರಜೆಗೆ ಬಂದಿದ್ದ. ಅವನನ್ನು ಪಕ್ಕದಲ್ಲಿ, ಚಕ್ರಕ್ಕೆ ಸಿಗದಷ್ಟು ದೂರದಲ್ಲಿ ನಡೆಯಲು ಹೇಳಿದೆ. ಎರಡು ಸುತ್ತು ಆಗುವಷ್ಟರಲ್ಲಿ ಅವನೇ ಕೂಗಿದ: “ಮಾವಾ, ಎಡಗಡೆಗೇ ಕೇಳ್ತಾ ಇದ್ದು!”

ಬಿಚ್ಚುವ ಮೊದಲು ಇನ್ನೊಂದು ನೋಡಿಕೊಂಡೆ. ಚಕ್ರ ಎತ್ತಿ, ಟೈರಿನ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿದೆ. ಸ್ವಲ್ಪ ಆಟ ಇತ್ತು. ಆಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ಒತ್ತಿದರೂ ಆಟ ಇದ್ದರೆ ಕಿಂಗ್‌ಪಿನ್ ಬೇರಿಂಗ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಬಲ ತಿರುಗುವ ಗೂಟದ ಬೇರಿಂಗ್. ನಮ್ಮದರಲ್ಲಿ ಆಟ ಹಾಗೇ ಉಳಿಯಿತು. ಗಾಡಿ ಸ್ವಲ್ಪ ವೇಗ ಹಿಡಿದಾಗ ಸ್ಟೀರಿಂಗ್ ನಡುಗುತ್ತಿದ್ದುದು ಇದಕ್ಕೇ ಅಂತ ಆಗ ಗೊತ್ತಾಯಿತು. ಅದನ್ನು ನಾನು ಟೈರಿನ ದೋಷ ಅಂದುಕೊಂಡಿದ್ದೆ.

ಸಾಮಾನು ಹುಬ್ಬಳ್ಳಿಯಿಂದ ತಂದೆ. ಒಂದು ಹೊಸ ಹೊರ ಜಾಯಿಂಟ್, ಎರಡೂ ಬದಿಗೆ ಆಕ್ಸಲ್‌ನ ಒಳ ಆಯಿಲ್ ಸೀಲ್, ಆಕ್ಸಲ್ ತುದಿಯಲ್ಲಿ ಜಾಯಿಂಟ್ ಒಳಗಿರುವ ಉರುಟು ಬುರುಡೆಗೆ ಸುತ್ತ ಹಾಕುವ ಫೆಲ್ಟ್ ಮತ್ತು ರಬ್ಬರ್ ಸೀಲ್, ಕಿಂಗ್‌ಪಿನ್ ಬೇರಿಂಗ್ ನಾಲ್ಕು, ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್, 80ಡಬ್ಲ್ಯು-90 ಗೇರ್ ಆಯಿಲ್. ಜಾಯಿಂಟ್ ಮಾತ್ರ ಕಂಪನಿಯದ್ದೇ ತನ್ನಿ. ಅಗ್ಗದ್ದು ನೋಡಲು ಒಂದೇ ಥರ ಇರುತ್ತದೆ. ಆದರೆ ಒಳಗಿನ ಉಕ್ಕು ಎಷ್ಟು ಗಟ್ಟಿ ಅಂತ ಕಣ್ಣಿಗೆ ಕಾಣುವುದಿಲ್ಲ.

ಆಕ್ಸಲ್ ಕೆಳಗೆ ಚಿರೆಕಲ್ಲು ಇಟ್ಟು ಗಾಡಿ ನಿಲ್ಲಿಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ಚಿರೆಕಲ್ಲು ಭಾರಕ್ಕೆ ಹೇಳದೆ ಕೇಳದೆ ಪುಡಿಯಾಗುತ್ತದೆ. ನಾನು ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಜೋಡಿಸಿ, ಅದರ ಮೇಲೆ ಆಕ್ಸಲ್ ಕೂರಿಸಿದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೆ.

ಚಕ್ರ, ಹಬ್, ಶಾಫ್ಟ್ ತುದಿಯ ಸರ್ಕ್ಲಿಪ್, ಬ್ರೇಕ್ ಕ್ಯಾಲಿಪರ್ ಇದೆಲ್ಲ ಬೇಗ ಬಿಚ್ಚಿತು. ಕ್ಯಾಲಿಪರ್ ಅನ್ನು ತಂತಿಯಲ್ಲಿ ಮೇಲಕ್ಕೆ ಕಟ್ಟಬೇಕು, ಬ್ರೇಕ್ ಪೈಪಿನ ಮೇಲೆ ಜೋತು ಬಿಡಬಾರದು. ಬೇರಿಂಗ್ ನಟ್‌ಗೆ ಸರಿಯಾದ ಸಾಕೆಟ್ ಇರಲಿ. ಹಿಂದೆ ಯಾರೋ ಚಿಸೆಲ್ ಇಟ್ಟು ಹೊಡೆದು ಬಿಚ್ಚಿದ ಗುರುತು ನಮ್ಮ ನಟ್ ಮೇಲೆ ಇತ್ತು. ಅದರ ಹಿಂದೆ ಸ್ಪಿಂಡಲ್. ಸುತ್ತಲಿನ ಬೋಲ್ಟ್ ತೆಗೆದು, ಮರದ ಕೊಡತಿಯಿಂದ ನಾಲ್ಕೂ ಕಡೆ ಮೆಲ್ಲಗೆ ತಟ್ಟಿದ ಮೇಲೆ ಹೊರಬಂತು.

ಸ್ಪಿಂಡಲ್ ಬರುತ್ತಿದ್ದ ಹಾಗೇ ಹಾಲು ಹಾಕಿದ ಕಾಫಿ ಬಣ್ಣದ ನೀರು ಮಣ್ಣಿಗೆ ಸುರಿಯಿತು. ಗ್ರೀಸ್ ಅನ್ನುವುದು ಉಳಿದಿರಲೇ ಇಲ್ಲ. ಬೆರಳಿಗೆ ಹಚ್ಚಿ ಮೂಸಿ ನೋಡಿದರೆ ಗೇರ್ ಆಯಿಲಿನ ಆ ಗಂಧಕದ ವಾಸನೆ. ಅಂದರೆ ಹೊರಗಿನ ನೀರೂ ಬಂದಿದೆ, ಒಳಗಿನ ಆಯಿಲೂ ಬಂದಿದೆ. ಎರಡೂ ಸೇರಿ ಗ್ರೀಸ್ ಕರಗಿಸಿ ಹೊರಹಾಕಿವೆ. ಹೊಸ ಜಾಯಿಂಟ್ ಒಂದು ಮಳೆಗಾಲವೂ ಬಾಳದೇ ಇದ್ದುದರಲ್ಲಿ ಆಶ್ಚರ್ಯ ಇಲ್ಲ.

ಶಾಫ್ಟ್ ಎಳೆದು ತೆಗೆದು, ಒಳಗಿನ ಕ್ಲಿಪ್ ಬಿಡಿಸಿದರೆ ಜಾಯಿಂಟ್ ಬೇರೆಯಾಗುತ್ತದೆ. ಇದಕ್ಕೆ ಬರ್ಫೀಲ್ಡ್ ಜಾಯಿಂಟ್ ಅನ್ನುತ್ತಾರೆ. ಹೊರಗೆ ಗಂಟೆಯಂಥ ಬಟ್ಟಲು, ಒಳಗೆ ನಕ್ಷತ್ರದಂಥ ತುಂಡು, ನಡುವೆ ಆರು ಗುಂಡು, ಗುಂಡುಗಳನ್ನು ಸಾಲಿನಲ್ಲಿ ಹಿಡಿದಿಡುವ ಒಂದು ಪಂಜರ. ಶಾಫ್ಟ್ ಬಗ್ಗಿದಾಗ ಗುಂಡುಗಳು ಯಾವಾಗಲೂ ಆ ಬಾಗಿನ ಸರಿ ಅರ್ಧದಲ್ಲಿ ನಿಲ್ಲುತ್ತವೆ. ಅದಕ್ಕೇ ಚಕ್ರ ತಿರುವಿನಲ್ಲೂ ಒಂದೇ ಸಮ ತಿರುಗುತ್ತದೆ. ಕ್ರಾಸ್ ಜಾಯಿಂಟ್ ಆಗಿದ್ದರೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚುಕಮ್ಮಿ ಆಗುತ್ತದೆ. ಇದನ್ನು ಮೊದಲ ಸಲ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಾಗ ನನಗೆ ನಿಜವಾಗಿಯೂ ಬೆರಗಾಯಿತು.

ಪಂಜರವನ್ನು ವಾರೆ ಮಾಡಿ ಒಂದೊಂದೇ ಗುಂಡು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆ. ಐದು ಗುಂಡು ಕನ್ನಡಿಯಂತಿದ್ದವು. ಆರನೆಯದರ ಸಿಪ್ಪೆ ಎದ್ದಿತ್ತು. ಬಟ್ಟಲಿನೊಳಗೆ ಆ ಗುಂಡು ಓಡುವ ತೋಡಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕುಳಿಗಳು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ನೀರು ನಿಂತು ತುಕ್ಕು ಹಿಡಿದದ್ದು ಅಲ್ಲಿಂದಲೇ. ತುಕ್ಕಿನ ಚುಕ್ಕೆಯ ಮೇಲೆ ಗುಂಡು ಒತ್ತಿ ಒತ್ತಿ ಕುಳಿ ದೊಡ್ಡದಾಗಿದೆ, ಕುಳಿ ದಾಟುವಾಗಲೆಲ್ಲ ಕಟ್ ಅಂದಿದೆ.

ಪಂಜರ ಸರಿ ಇದ್ದಂತೆ ಕಂಡಿತು. ಆದರೂ ಹಳೇ ಉಪಾಯ ಒಂದನ್ನು ಮಾಡಿ ನೋಡಿದೆ. ಸೀಮೆಎಣ್ಣೆಯಲ್ಲಿ ಅದ್ದಿಟ್ಟು, ಚೆನ್ನಾಗಿ ಒರೆಸಿ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅಂತ ತಂದ ಸುಣ್ಣದ ಒಣ ಹುಡಿ ಸವರಿ ಸ್ವಲ್ಪ ಹೊತ್ತು ಬಿಟ್ಟೆ. ಗುಂಡು ಕೂರುವ ಒಂದು ಕಿಟಕಿಯ ಮೂಲೆಯಲ್ಲಿ ಕೂದಲಿನಂಥ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಕೂತ ಸೀಮೆಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಬಂದಿತ್ತು. ಇನ್ನೊಂದು ದಿಬ್ಬ ಹತ್ತಿದ್ದರೆ ಅಲ್ಲೇ ಒಡೆಯುತ್ತಿತ್ತೋ ಏನೋ. ಒಡೆದ ತುಂಡು ಸಿಕ್ಕಿಕೊಂಡರೆ ಸ್ಟೀರಿಂಗೇ ತಿರುಗುವುದಿಲ್ಲ. ಒಂದು ಕಡೆ ಹಳ್ಳ ಇರುವ ದಾರಿಯಲ್ಲಿ ಅದು ಆಗಬಾರದ ಸಂಗತಿ.

ಇಷ್ಟಾದರೂ ಪ್ರಶ್ನೆ ಉಳಿದಿತ್ತು. ನೀರು ಒಳಗೆ ಹೋದದ್ದು ಹೇಗೆ? ಫೆಲ್ಟ್ ಸೀಲ್ ಸವೆದಿತ್ತು, ನಿಜ. ಒಳ ಆಯಿಲ್ ಸೀಲಿನ ತುಟಿಯೂ ಗಟ್ಟಿಯಾಗಿ ಸೀಳಿತ್ತು. ಆದರೆ ಹಿಂದಿನ ವರ್ಷ ಇವೆರಡನ್ನೂ ಬದಲಾಯಿಸಿರಲಿಲ್ಲ ಅನ್ನುವುದು ಬಿಟ್ಟರೆ ಪೂರ್ತಿ ಉತ್ತರ ಸಿಗಲಿಲ್ಲ. ಡಿಫರೆನ್ಷಿಯಲ್ ಆಯಿಲ್ ಇಳಿಸಿದರೆ ಅದೂ ಕಾಫಿ ಬಣ್ಣ. ಅಷ್ಟು ನೀರು ಸುಮ್ನೆ ಸೋರಿ ಒಳಗೆ ಬರುವಂಥದ್ದಲ್ಲ, ಯಾರೋ ಹೀರಿಕೊಂಡ ಹಾಗಿತ್ತು.

ಆಗ ಆಕ್ಸಲ್ ಮೇಲಿನ ಬ್ರೀದರ್ ನೆನಪಾಯಿತು. ಗಾಳಿ ಹೋಗಿ ಬರಲು ಇರುವ ಸಣ್ಣ ಮುಚ್ಚಳ. ಕೆಸರು ಕೆರೆದು ಬಿಚ್ಚಿ ನೋಡಿದರೆ ಒಳಗೆ ಪೂರ್ತಿ ಗಟ್ಟಿ ಕೆಂಪು ಮಣ್ಣು. ಕಣಜದ ಹುಳ ಗೂಡು ಕಟ್ಟಿತ್ತು. ಎಲ್ಲಾ ಒಟ್ಟಿಗೆ ಅರ್ಥ ಆಯಿತು. ಘಟ್ಟದ ದಾರಿಯಲ್ಲಿ ಓಡಿ ಆಕ್ಸಲ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಹೊರಹೋಗಲು ದಾರಿ ಇಲ್ಲದೆ ಸೀಲಿನ ತುಟಿ ದೂಡಿ ಆಯಿಲನ್ನು ಬುರುಡೆಗೆ ತಳ್ಳುತ್ತದೆ. ಅದೇ ಬಿಸಿಯಲ್ಲಿ ನಾನು ಗಾಡಿಯನ್ನು ತಣ್ಣನೆ ಹಳ್ಳಕ್ಕೆ ಇಳಿಸುತ್ತೇನೆ. ಗಾಳಿ ಒಮ್ಮೆಲೇ ಕುಗ್ಗಿ ಒಳಗೆ ಎಳೆಯುತ್ತದೆ. ನೀರು ಫೆಲ್ಟ್ ದಾಟಿ ಬುರುಡೆಗೆ, ಅಲ್ಲಿಂದ ಸೀಲ್ ದಾಟಿ ಡಿಫರೆನ್ಷಿಯಲ್‌ಗೆ. ದಿನಕ್ಕೆ ಎರಡು ಸಲ, ನಾಲ್ಕು ತಿಂಗಳು.

ಇದು ಗೊತ್ತಾದ ಮೇಲೆ ಬಲಬದಿಯನ್ನೂ ಬಿಚ್ಚಿದೆ. ಅಲ್ಲಿ ನೀರು ಕಡಿಮೆ, ಜಾಯಿಂಟ್ ಒಳ್ಳೆಯದೇ ಇತ್ತು. ಗುಂಡು ಓಡುವ ತೋಡುಗಳ ಒಂದೇ ಮಗ್ಗುಲಿನಲ್ಲಿ ಸ್ವಲ್ಪ ಹೊಳಪು ಗೆರೆ. ಗಾಡಿ ಮುಂದೆ ಹೋಗುವಾಗ ಭಾರ ಬೀಳುವುದು ಆ ಮಗ್ಗುಲಿಗೆ. ಜಿಪ್ಸಿಯಲ್ಲಿ ಒಳ ಶಾಫ್ಟ್ ಒಂದು ಉದ್ದ, ಒಂದು ಗಿಡ್ಡ. ಹೊರ ಜಾಯಿಂಟ್ ಮಾತ್ರ ಎರಡೂ ಬದಿಗೆ ಒಂದೇ. ಹಾಗಾಗಿ ಬಲದ ಹಳೆಯದನ್ನು ಎಡಕ್ಕೆ ಹಾಕಿ, ಹೊಸದನ್ನು ಬಲಕ್ಕೆ ಹಾಕಿದೆ. ಬದಿ ಬದಲಾದರೆ ತಿರುಗುವ ದಿಕ್ಕು ಬದಲಾಗುತ್ತದೆ, ಸವೆಯದ ಮಗ್ಗುಲಿಗೆ ಭಾರ ಬೀಳುತ್ತದೆ.

ಜೋಡಿಸುವಾಗ ಜಾಸ್ತಿ ಹೊತ್ತು ಹಿಡಿದದ್ದು ಕಿಂಗ್‌ಪಿನ್. ಬೇರಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಶಿಮ್ ಅನ್ನುವ ತೆಳು ಲೋಹದ ಹಾಳೆ ಸೇರಿಸಿ, ತೆಗೆದು ಸರಿಮಾಡಬೇಕು. ಸಡಿಲ ಆದರೆ ಸ್ಟೀರಿಂಗ್ ನಡುಗುತ್ತದೆ, ಬಿಗಿ ಆದರೆ ಬೇರಿಂಗ್ ಬೇಗ ಹೋಗುತ್ತದೆ. ಫೆಲ್ಟ್ ಹಾಕುವ ಮೊದಲೇ ಇದನ್ನು ಅಳೆಯಬೇಕು. ಫೆಲ್ಟಿನ ಹಿಡಿತ ಸೇರಿದರೆ ಲೆಕ್ಕ ತಪ್ಪುತ್ತದೆ. ಟೈ ರಾಡ್ ಕೂರುವ ತೂತಿಗೆ, ಮನೆಯಲ್ಲಿ ಸಣ್ಣಪುಟ್ಟ ತೂಕಕ್ಕೆ ಇಟ್ಟ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದೆ. ಸ್ಟೀರಿಂಗ್ ನಕಲ್, ಅಂದರೆ ಚಕ್ರ ಹೊತ್ತು ಕಿಂಗ್‌ಪಿನ್ ಮೇಲೆ ತಿರುಗುವ ತುಂಡು, ತಿರುಗಲು ಶುರುವಾಗುವ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಅಂತ ನೋಡಿ, ಸರ್ವಿಸ್ ಪುಸ್ತಕದ ಅಳತೆಗೆ ಹೋಲಿಸಿದೆ. ಎಡಕ್ಕೆ ಮೂರು ಸಲ ಬಿಚ್ಚಿ ಹಾಕಬೇಕಾಯಿತು. ಕೂತದ್ದು ಸಾರ್ಥಕ, ಆ ನಡುಕ ಪೂರ್ತಿ ಹೋಯಿತು.

ಹೊಸ ಒಳ ಸೀಲ್ ಕೂರಿಸಿದ ಮೇಲೆ ಶಾಫ್ಟ್ ತೂರಿಸುವಾಗ ಉಸಿರು ಬಿಗಿ ಹಿಡಿದಿದ್ದೆ. ಶಾಫ್ಟಿನ ಹಲ್ಲುಗಳು ತಾಗಿದರೆ ಸೀಲಿನ ತುಟಿ ಅಲ್ಲೇ ಹರಿಯುತ್ತದೆ, ಹೊರಗಿಂದ ಗೊತ್ತೂ ಆಗುವುದಿಲ್ಲ. ತುಟಿಗೆ ಗ್ರೀಸ್ ಸವರಿ, ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೇ ಒಳಗೆ ಬಿಟ್ಟೆ. ಬುರುಡೆಯ ಹೊರಮೈಯ ತುಕ್ಕನ್ನು ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ ನಯ ಮಾಡಿದ್ದೆ. ಇಲ್ಲದಿದ್ದರೆ ಹೊಸ ಫೆಲ್ಟನ್ನೂ ಅದು ತಿಂದುಹಾಕುತ್ತದೆ. ಜಾಯಿಂಟಿನೊಳಗೆ ಗ್ರೀಸನ್ನು ಬೆರಳಿನಿಂದ ಗುಂಡುಗಳ ಹಿಂದಿನವರೆಗೆ ತುಂಬಿದೆ. ಬುರುಡೆಯಲ್ಲಿ ಸ್ವಲ್ಪ ಜಾಗ ಬಿಟ್ಟೆ.

ಕೊನೆಗೆ ಬ್ರೀದರ್. ಮುಚ್ಚಳ ತೆಗೆದು ಅಲ್ಲಿಗೆ ಒಂದು ರಬ್ಬರ್ ನಳಿಕೆ ಜೋಡಿಸಿ, ಎಂಜಿನ್ ಪಕ್ಕದಲ್ಲಿ ಎತ್ತರಕ್ಕೆ ಒಯ್ದು ಕಟ್ಟಿದೆ. ತುದಿಗೆ ಸಣ್ಣ ಫಿಲ್ಟರ್ ಹಾಕಿದೆ, ಹುಳ ಹೋಗದ ಹಾಗೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಾದದ್ದು ಇದಕ್ಕೇ. ಈಗ ಹಳ್ಳ ಬಂದಾಗ ದಡದಲ್ಲಿ ಒಂದೈದು ನಿಮಿಷ ಗಾಡಿ ನಿಲ್ಲಿಸಿ, ಆಕ್ಸಲ್ ಸ್ವಲ್ಪ ತಣಿದ ಮೇಲೇ ಇಳಿಸುತ್ತೇನೆ.

ಆ ಮಳೆಗಾಲ ಕಳೆದು ದೀಪಾವಳಿಯ ಮಾರನೇ ವಾರ ಡಿಫರೆನ್ಷಿಯಲ್‌ನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಅದ್ದಿ ನೋಡಿದೆ. ಆಯಿಲ್ ಜೋನಿಬೆಲ್ಲದ ಬಣ್ಣದಲ್ಲೇ ಇತ್ತು. ಎಡಗಡೆಯ ಬುರುಡೆಯ ಸುತ್ತ ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ಹತ್ತಿದ್ದು ಕಪ್ಪು ಗ್ರೀಸಿನ ತೆಳು ಗೆರೆ, ಅಷ್ಟೇ.